ಮುಖಕ್ಕೂ ಮಸೂರಕ್ಕೂ ನಡುವಣ ಅಂತರ

ಹಳೆಯ ಮನೆಗಳ ನಡುಮನೆಯ ಗೋಡೆಯ ಮೇಲೆ ಸಾಲಾಗಿ ತೂಗುವ ಭಾವಚಿತ್ರಗಳನ್ನು ನೋಡದವರಿಲ್ಲ. ಜರಿಪೇಟ ಧರಿಸಿ, ಕುರ್ಚಿಯ ತೋಳಿನ ಮೇಲೆ ಕೈಯಿರಿಸಿ, ಗಂಭೀರವಾಗಿ ಕುಳಿತ ಮುತ್ತಜ್ಜ. ಅವರ ಪಕ್ಕದಲ್ಲಿ ಸೆರಗು ಹೊದ್ದು ನಿಂತ ಮುತ್ತಜ್ಜಿ. ಆ ಚಿತ್ರವನ್ನು ತೆಗೆದವನ ಹೆಸರು ಇಂದು ಯಾರಿಗೂ ನೆನಪಿಲ್ಲ. ಆದರೆ ಮನೆಯ ಹಿರಿಯರು ಅದರ ಮುಂದೆ ನಿಂತಾಗ, “ಹೀಗೇ ಇದ್ದರು” ಎಂದು ಹೇಳುವುದುಂಟು. ಭಾವಚಿತ್ರಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇರೊಂದಿಲ್ಲ.

ಈಗ ಒಂದು ಮನೆಯಲ್ಲಿ ಒಂದೇ ದಿನಕ್ಕೆ ನೂರು ಚಿತ್ರಗಳು ತೆಗೆಯಲ್ಪಡುತ್ತವೆ. ಆದರೂ “ಅವರ ಹಾಗೆಯೇ ಇಲ್ಲವಲ್ಲ” ಎಂಬ ದೂರು ಕಡಿಮೆಯಾಗಿಲ್ಲ. ದೂರು ಬಂದೊಡನೆ ಚಿತ್ರಗ್ರಾಹಕನು ಕ್ಯಾಮರಾವನ್ನು ಹಳಿಯುತ್ತಾನೆ, ಇಲ್ಲವೆ ಇನ್ನೂ ದುಬಾರಿಯಾದ ಮಸೂರವೊಂದನ್ನು ಕೊಳ್ಳಲು ಹೊರಡುತ್ತಾನೆ. ದೋಷವು ಬಹುಮಟ್ಟಿಗೆ ಇವೆರಡರಲ್ಲಿಯೂ ಇರುವುದಿಲ್ಲ. ಅವನು ಎಲ್ಲಿ ನಿಂತಿದ್ದನೋ ಆ ಸ್ಥಳದಲ್ಲಿ ಇರುತ್ತದೆ.

ತಾಲ್ಲೂಕು ಕೇಂದ್ರವೊಂದರಲ್ಲಿ ಮದುವೆ, ಮುಂಜಿ, ನಾಮಕರಣಗಳ ಚಿತ್ರ ತೆಗೆದು ಜೀವನ ಸಾಗಿಸುವ ತರುಣನೊಬ್ಬನನ್ನು ಕಣ್ಣಮುಂದೆ ತಂದುಕೊಳ್ಳಬಹುದು. ಅವನ ಬಳಿ ಇರುವುದು ಕನ್ನಡಿಯಿಲ್ಲದ, ಅಂದರೆ ಮಿರರ್‌ಲೆಸ್ ಎಂದು ಕರೆಯಲಾಗುವ ಕ್ಯಾಮರಾ. ಅದರೊಡನೆ ಬಂದ 18ರಿಂದ 55 ಮಿಲಿಮೀಟರಿನ ಒಂದು ಸಾಧಾರಣ ಜೂಮ್ ಮಸೂರ. ಎರಡು ಮದುವೆಯ ಋತುಗಳಲ್ಲಿ ಉಳಿಸಿದ ಹಣ ಅವನ ಕೈಯಲ್ಲಿದೆ. ಕೊಂಡರೆ ಒಂದೇ ಮಸೂರ ಕೊಳ್ಳಬಹುದು. ತಪ್ಪಿದರೆ ಮತ್ತೆರಡು ವರ್ಷ ಕಾಯಬೇಕು. ಬಲ್ಲವರೆಲ್ಲರೂ ಒಂದೇ ಮಾತು ಹೇಳುತ್ತಾರೆ: “ಭಾವಚಿತ್ರಕ್ಕೆ 85 ಮಿಲಿಮೀಟರ್ ತೊಗೊ. ಅದರಲ್ಲೂ ಎಫ್ 1.4ರದ್ದೇ ತೊಗೊ.”

ಮನೆಯಲ್ಲಿ ಅಜ್ಜಿಗೆ ಸಹಸ್ರ ಚಂದ್ರದರ್ಶನದ ಶಾಂತಿ ಹತ್ತಿರವಾಗಿದೆ. ಮಡಿಲಲ್ಲಿ ಮರಿಮಗನನ್ನು ಕೂರಿಸಿಕೊಂಡು ಒಂದು ಚಿತ್ರ ತೆಗೆಸಿಕೊಳ್ಳಬೇಕೆಂಬುದು ಅಜ್ಜಿಯ ಆಸೆ. ತರುಣನು ಹೆಸರಾಂತ 85 ಮಿಲಿಮೀಟರಿನ ಮಸೂರವನ್ನು ಒಂದು ದಿನದ ಬಾಡಿಗೆಗೆ ತಂದು, ನಡುಮನೆಯಲ್ಲಿ ಕುರ್ಚಿ ಹಾಕಿ, ಕ್ಯಾಮರಾವನ್ನು ಕಣ್ಣಿಗೇರಿಸುತ್ತಾನೆ. ಅಜ್ಜಿಯ ಮುಖವಷ್ಟೇ ಕಾಣುತ್ತದೆ; ಮಗು ಚೌಕಟ್ಟಿನಿಂದ ಹೊರಗೆ. ಒಂದು ಹೆಜ್ಜೆ ಹಿಂದೆ, ಮತ್ತೊಂದು ಹೆಜ್ಜೆ ಹಿಂದೆ. ಬೆನ್ನಿಗೆ ಗೋಡೆ ತಗಲುತ್ತದೆ.

“ಇನ್ನೂ ಎಷ್ಟು ಹಿಂದೆ ಹೋಗ್ತೀಯೋ? ಗೋಡೆಯೊಳಗೇ ಸೇರಿಕೊಳ್ತೀಯಾ?” ಎಂದು ಅಜ್ಜಿ ನಗುತ್ತಾಳೆ.

ಬೇರೆ ದಾರಿ ಕಾಣದೆ ಅವನು ಹಳೆಯ ಜೂಮ್ ಮಸೂರಕ್ಕೆ ಮರಳುತ್ತಾನೆ. ಕೋಣೆಯಲ್ಲಿ ಬೆಳಕು ಕಡಿಮೆ. ಆ ಮಸೂರವು 18 ಮಿಲಿಮೀಟರಿನಲ್ಲಿ ಎಫ್ 3.5ರವರೆಗೆ ತೆರೆಯುತ್ತದೆ, 55ಕ್ಕೆ ತಿರುಗಿಸಿದರೆ ಎಫ್ 5.6ಕ್ಕೆ ಕುಗ್ಗಿಬಿಡುತ್ತದೆ. ಆದ್ದರಿಂದ ಬೆಳಕಿನ ಆಸೆಗೆ 18ರಲ್ಲಿಯೇ ಇಟ್ಟುಕೊಂಡು, ಅಜ್ಜಿಯ ಮುಖ ದೊಡ್ಡದಾಗಿ ಕಾಣಲೆಂದು ಒಂದೂವರೆ ಅಡಿಯಷ್ಟು ಸಮೀಪಕ್ಕೆ ಹೋಗಿ ಗುಂಡಿ ಒತ್ತುತ್ತಾನೆ. ಚಿತ್ರ ಸ್ಪಷ್ಟವಾಗಿಯೇ ಬರುತ್ತದೆ. ಅಜ್ಜಿ ಅದನ್ನು ಬಹಳ ಹೊತ್ತು ನೋಡಿ, “ಇದು ನನ್ನ ಮುಖವೇನೋ? ಮೂಗು ಯಾವಾಗ ಹೀಗಾಯಿತು?” ಎಂದು ಕೇಳುತ್ತಾಳೆ.

ಅಜ್ಜಿಯ ಪ್ರಶ್ನೆ ನ್ಯಾಯವಾದುದು. ಮನುಷ್ಯನ ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರುಗಳ ಅಂತರವಿದೆ ಎಂದಿಟ್ಟುಕೊಳ್ಳೋಣ. ಕ್ಯಾಮರಾ ಮೂಗಿನಿಂದ 45 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿಯು 57 ಸೆಂಟಿಮೀಟರ್ ದೂರದಲ್ಲಿರುತ್ತದೆ. ಹತ್ತಿರವಿದ್ದುದು ದೊಡ್ಡದಾಗಿ ಕಾಣುವುದು ದೃಷ್ಟಿಯ ನಿಯಮ. ಆದ್ದರಿಂದ ಕಿವಿಗೆ ಹೋಲಿಸಿದರೆ ಮೂಗು ನಾಲ್ಕನೆಯ ಒಂದು ಪಾಲಿಗಿಂತಲೂ ಮಿಗಿಲಾಗಿ ಹಿಗ್ಗುತ್ತದೆ. ಅದೇ ಕ್ಯಾಮರಾ 5 ಅಡಿ, ಅಂದರೆ 150 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿಯ ದೂರ 162 ಆಗುತ್ತದೆ. ವ್ಯತ್ಯಾಸ ನೂರಕ್ಕೆ ಎಂಟು ಮಾತ್ರ. ಎದುರಿಗೆ ಕುಳಿತು ಮಾತನಾಡುವವರ ಕಣ್ಣಿಗೆ ಮುಖ ಕಾಣುವುದು ಹೆಚ್ಚುಕಡಿಮೆ ಈ ದೂರದಿಂದಲೇ. ಅದನ್ನೇ ಮನಸ್ಸು “ಅವರ ಮುಖ” ಎಂದು ನೆನಪಿಟ್ಟುಕೊಂಡಿರುತ್ತದೆ.

ಇದು ಸಣ್ಣ ಸಂಗತಿಯಲ್ಲ. 2018ರಲ್ಲಿ ಅಮೆರಿಕದ ಮುಖಶಸ್ತ್ರಚಿಕಿತ್ಸೆಯ ವೈದ್ಯಪತ್ರಿಕೆಯೊಂದರಲ್ಲಿ, ರಟ್ಗರ್ಸ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಗಣಿತದ ಮೂಲಕ ಇದೇ ವಿಷಯವನ್ನು ಲೆಕ್ಕ ಹಾಕಿ ತೋರಿಸಿದರು. ಒಂದು ಅಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಅಗಲ ಸುಮಾರು ನೂರಕ್ಕೆ ಮೂವತ್ತರಷ್ಟು ಹೆಚ್ಚಾಗಿ ಕಾಣುತ್ತದೆ. 5 ಅಡಿಯಿಂದ ತೆಗೆದರೆ ಗಮನಕ್ಕೆ ಬರುವಂತಹ ವ್ಯತ್ಯಾಸವಿರುವುದಿಲ್ಲ. ತಮ್ಮ ಸೆಲ್ಫಿಗಳನ್ನು ನೋಡಿ ಬೇಸತ್ತು ಮೂಗಿನ ಶಸ್ತ್ರಚಿಕಿತ್ಸೆಗೆ ಬರುವವರಿಗೆ ತಿಳಿವಳಿಕೆ ನೀಡುವುದು ಅವರ ಉದ್ದೇಶವಾಗಿತ್ತು. ಇಲ್ಲದ ದೋಷಕ್ಕೆ ಕತ್ತಿಯ ಕೆಳಗೆ ಮುಖವೊಡ್ಡುವ ಮಟ್ಟಿಗೆ ಈ ಅಂತರದ ಅಜ್ಞಾನ ಮನುಷ್ಯನನ್ನು ಕೊಂಡೊಯ್ಯಬಲ್ಲದು.

ಹಾಗಾದರೆ ಮಸೂರದ ಕೆಲಸವೇನು? ಮುಖದ ಆಕಾರವನ್ನು ನಿರ್ಣಯಿಸುವುದು ಅಂತರ. ಆ ಅಂತರದಲ್ಲಿ ನಿಂತಾಗ ಚೌಕಟ್ಟಿನೊಳಗೆ ಎಷ್ಟು ಭಾಗ ಬರಬೇಕೆಂಬುದನ್ನು ನಿರ್ಣಯಿಸುವುದು ಮಸೂರದ ಸಂಗಮದೂರ. ಮಿಲಿಮೀಟರುಗಳಲ್ಲಿ ಹೇಳುವ ಸಂಖ್ಯೆ ಇದೇ. ಲೆಕ್ಕವೂ ಸುಲಭವಾದುದು. ಚಿತ್ರದಲ್ಲಿ ಬರಬೇಕಾದ ಎತ್ತರವನ್ನು ಸಂಗಮದೂರದಿಂದ ಗುಣಿಸಿ, ಬಿಂಬವನ್ನು ಹಿಡಿಯುವ ಸೆನ್ಸರಿನ ಉದ್ದದಿಂದ ಭಾಗಿಸಿದರೆ ಎಷ್ಟು ದೂರ ನಿಲ್ಲಬೇಕೆಂಬುದು ತಿಳಿಯುತ್ತದೆ. ಕ್ಯಾಮರಾವನ್ನು ಉದ್ದುದ್ದವಾಗಿ ಹಿಡಿದಾಗಿನ ಲೆಕ್ಕ ಇದು.

ಪೂರ್ಣ ಅಳತೆಯ ಸೆನ್ಸರಿನ ಉದ್ದ 36 ಮಿಲಿಮೀಟರ್. ತಲೆಯಿಂದ ಭುಜದವರೆಗಿನ ಚಿತ್ರಕ್ಕೆ 2 ಅಡಿಯ ಎತ್ತರ ಸಾಕು. 85 ಮಿಲಿಮೀಟರಿನ ಮಸೂರವಾದರೆ ಸುಮಾರು ನಾಲ್ಕೂಮುಕ್ಕಾಲು ಅಡಿ ದೂರದಲ್ಲಿ ನಿಲ್ಲಬೇಕಾಗುತ್ತದೆ. ಅಂದರೆ ಮುಖವು ಸಹಜವಾಗಿ ಕಾಣುವ ಆ 5 ಅಡಿಗೆ ಸಮೀಪ. 85 ಮಿಲಿಮೀಟರಿಗೆ ಭಾವಚಿತ್ರದ ಮಸೂರವೆಂಬ ಕೀರ್ತಿ ಬಂದುದರ ಗುಟ್ಟು ಇಷ್ಟೇ: ಚೌಕಟ್ಟು ತುಂಬಿಸಬೇಕೆಂಬ ಆಸೆಯಿಂದಲೇ ಚಿತ್ರಗ್ರಾಹಕನು ಸರಿಯಾದ ದೂರದಲ್ಲಿ ನಿಲ್ಲುವಂತೆ ಅದು ಮಾಡುತ್ತದೆ. 50 ಮಿಲಿಮೀಟರಿನ ಮಸೂರದಿಂದ ಅದೇ ಚಿತ್ರಕ್ಕೆ ಮೂರು ಅಡಿಗಿಂತಲೂ ಹತ್ತಿರ ಹೋಗಬೇಕು. ಮೂಗು ಆಗಲೇ ತಲೆಯೆತ್ತಲು ತೊಡಗಿರುತ್ತದೆ.

ಆದರೆ ಈ ಕೀರ್ತಿಯು ಪೂರ್ಣ ಅಳತೆಯ ಸೆನ್ಸರಿಗೆ ಮಾತ್ರ ಸಲ್ಲತಕ್ಕದ್ದು. ತರುಣನ ಕ್ಯಾಮರಾದಲ್ಲಿರುವುದು ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರು. ಉದ್ದ ಸುಮಾರು ಇಪ್ಪತ್ಮೂರೂವರೆ ಮಿಲಿಮೀಟರ್. ಅಂತಹ ಕ್ಯಾಮರಾಕ್ಕೆ 85ರ ಸ್ಥಾನದಲ್ಲಿ ಇರಬೇಕಾದುದು 56 ಮಿಲಿಮೀಟರ್. ಇನ್ನೂ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮರಾಗಳಿಗೆ ಸುಮಾರು 42ರಿಂದ 45 ಮಿಲಿಮೀಟರ್. ಹೆಸರು ಕೇಳಿ 85ನ್ನೇ ತಂದು ಚಿಕ್ಕ ಸೆನ್ಸರಿಗೆ ಜೋಡಿಸಿದರೆ ಅದು ಪೂರ್ಣ ಅಳತೆಯ ಲೆಕ್ಕದಲ್ಲಿ 127 ಮಿಲಿಮೀಟರಿನ ಮಸೂರದಂತೆ ವರ್ತಿಸುತ್ತದೆ. ಕುಳಿತ ಅಜ್ಜಿಯನ್ನು ಕುರ್ಚಿ, ಮಗು ಸಹಿತ ಹಿಡಿಯಲು ನಾಲ್ಕೂಕಾಲು ಅಡಿಯ ಎತ್ತರ ಬೇಕು. ಲೆಕ್ಕ ಹಾಕಿದರೆ ಹದಿನೈದು ಅಡಿಗೂ ಹೆಚ್ಚು ದೂರ. ನಡುಮನೆಯ ಉದ್ದ 12 ಅಡಿ. ಅದರಲ್ಲಿ ಕುರ್ಚಿಗೆ ಎರಡಡಿ, ಕ್ಯಾಮರಾ ಹಿಡಿದು ನಿಂತವನಿಗೆ ಒಂದೂವರೆ ಅಡಿ ಕಳೆದರೆ ಉಳಿಯುವುದು ಎಂಟೂವರೆ ಅಡಿ. ತರುಣನ ಬೆನ್ನಿಗೆ ಗೋಡೆ ತಗಲಿದುದರಲ್ಲಿ ಆಶ್ಚರ್ಯವೇನು?

ಮಸೂರ ಉದ್ದವಾದಷ್ಟೂ ಮತ್ತೊಂದು ನಷ್ಟವೂ ಉಂಟು. ಪೂರ್ಣ ಅಳತೆಯ ಕ್ಯಾಮರಾಕ್ಕೆ 135 ಮಿಲಿಮೀಟರಿನ ಮಸೂರ ಹಾಕಿ ನಿಂತವರ ಪೂರ್ತಿ ಚಿತ್ರ ತೆಗೆಯಬೇಕಾದರೆ ಇಪ್ಪತ್ತನಾಲ್ಕು ಅಡಿ ದೂರ ಸರಿಯಬೇಕು. ಅಷ್ಟು ದೂರದಿಂದ “ಸ್ವಲ್ಪ ನಗಿ” ಎಂದು ಕೂಗಿ ಹೇಳಿಸಿಕೊಂಡ ಮುಖದಲ್ಲಿ ಮೂಡುವ ನಗೆ ಬೇರೆ. ಎದುರಿಗೆ ಕುಳಿತು ಹಳೆಯ ಮಾತು ತೆಗೆದಾಗ ಅರಿವಿಲ್ಲದೆ ಮೂಡುವ ನಗೆ ಬೇರೆ.

ಇನ್ನು ಬೆಳಕಿಂಡಿಯ ವಿಷಯ. ಮಸೂರದ ಮೇಲೆ ಎಫ್ 1.4, ಎಫ್ 1.8 ಎಂದು ಬರೆದಿರುವುದು ಬೆಳಕು ಒಳಬರುವ ಕಿಂಡಿ ಎಷ್ಟು ಅಗಲವಾಗಿ ತೆರೆಯಬಲ್ಲದೆಂಬುದರ ಅಳತೆ. ಅಂಕಿ ಕಿರಿದಾದಷ್ಟೂ ಕಿಂಡಿ ಹಿರಿದು. ಭಾವಚಿತ್ರಕ್ಕೆಂದೇ ಒಂದು ಮಸೂರ ಹುಟ್ಟಿಕೊಂಡುದು ಈ ಕಿಂಡಿಯ ಹಂಬಲದಿಂದಲೇ. 1839ರಲ್ಲಿ ಫ್ರಾನ್ಸಿನಲ್ಲಿ ಡಾಗೇರ್‌ನ ಛಾಯಾಚಿತ್ರ ವಿಧಾನ ಪ್ರಕಟವಾದಾಗ ಮಸೂರಗಳ ಕಿಂಡಿ ಬಹಳ ಕಿರಿದಾಗಿತ್ತು. ಬಿಸಿಲಿನಲ್ಲಿ ನಿಮಿಷಗಟ್ಟಲೆ ಅಲ್ಲಾಡದೆ ಕುಳಿತರೆ ಮಾತ್ರ ಮುಖ ಮೂಡುತ್ತಿತ್ತು. ವಿಯೆನ್ನಾದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಯೋಸೆಫ್ ಪೆಟ್ಸ್‌ವಾಲ್ ಈ ಹಿಂಸೆಯನ್ನು ತಪ್ಪಿಸಲು ಲೆಕ್ಕಕ್ಕೆ ಕುಳಿತನು. ದೀರ್ಘವಾದ ಗಣನೆಗಳಿಗಾಗಿ ಸೈನ್ಯದ ಫಿರಂಗಿದಳದಲ್ಲಿ ಲೆಕ್ಕ ಬಲ್ಲ ಸಿಪಾಯಿಗಳನ್ನು ಅವನಿಗೆ ನೆರವಾಗಿ ಕೊಡಲಾಯಿತು. 1840ರಲ್ಲಿ ಸಿದ್ಧವಾದ ಅವನ ಮಸೂರದ ಅಂಕಿ ಸುಮಾರು 3.6, ಅಂದಿನ ಮಸೂರಗಳಿಗಿಂತ ಹದಿನೈದು ಪಟ್ಟಿಗೂ ಮಿಗಿಲಾದ ಬೆಳಕು. ನಿಮಿಷಗಳ ಸೆರೆವಾಸ ಒಂದು ನಿಮಿಷಕ್ಕೂ ಕಡಿಮೆಯಾಯಿತು.

ಆ ಮಸೂರವನ್ನು ತಯಾರಿಸಿದ ಫಾಯ್ಗ್ಟ್‌ಲೆಂಡರ್ ಸಂಸ್ಥೆಗೆ ಅಪಾರ ಲಾಭ ಬಂದಿತು. ಗಣಿತಜ್ಞನಿಗೆ ಬಂದುದು ಒಂದೇ ಸಲಕ್ಕೆ ಕೊಟ್ಟ 2000 ಗುಲ್ಡನ್ ನಾಣ್ಯಗಳು. ಇಬ್ಬರಿಗೂ ವೈಮನಸ್ಯ ಬೆಳೆಯಿತು. ತಯಾರಕನು 1849ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್ ನಗರದಲ್ಲಿ ತನ್ನ ಉದ್ಯೋಗವನ್ನು ನೆಲೆಗೊಳಿಸಿದನು. ಪೆಟ್ಸ್‌ವಾಲ್‌ನ ಮಸೂರದಲ್ಲಿ ನಡುಭಾಗ ಸ್ಪಷ್ಟ, ಅಂಚುಗಳು ಮಸುಕು. ಮುಖವು ನಡುವೆ ಇರುವುದರಿಂದ ಆ ಕೊರತೆಯೇ ಭೂಷಣವಾಯಿತು. ಹಿನ್ನೆಲೆ ಮಸುಕಾದ ಭಾವಚಿತ್ರದ ಮೇಲೆ ಜನರಿಗಿರುವ ಮೋಹದ ಬೇರು ಇಷ್ಟು ಹಳೆಯದು. ಆದರೆ ದೊಡ್ಡ ಕಿಂಡಿ ಮೊದಲು ಬಂದುದು ಮಸುಕಿಗಾಗಿ ಅಲ್ಲ, ಕುಳಿತವರ ಕಷ್ಟ ಕಡಿಮೆ ಮಾಡಲೆಂದು. ಕೊಳ್ಳುವವರು ಇದನ್ನು ಮರೆಯಬಾರದು.

ಅಜ್ಜಿಯ ನಡುಮನೆಯಲ್ಲಿಯೂ ಕಿಂಡಿಯ ನಿಜವಾದ ಉಪಯೋಗ ಇದೇ. ಎಫ್ 5.6ಕ್ಕೆ ಹೋಲಿಸಿದರೆ ಎಫ್ 1.8 ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಸೆಕೆಂಡಿನ ಹನ್ನೆರಡನೆಯ ಒಂದು ಭಾಗ ತೆರೆದಿರಬೇಕಾಗಿದ್ದ ಕಡೆ ನೂರಿಪ್ಪತ್ತನೆಯ ಒಂದು ಭಾಗ ಸಾಕಾಗುತ್ತದೆ. ಕ್ಯಾಮರಾದೊಳಗಣ ಕಂಪನ ನಿವಾರಕವು ತೆಗೆಯುವವನ ಕೈನಡುಕವನ್ನು ತಡೆಯಬಲ್ಲದೇ ಹೊರತು ಮಡಿಲಲ್ಲಿ ಹೊರಳುವ ಮಗುವನ್ನು ತಡೆಯಲಾರದು.

ಹಾಗೆಂದು ಎಫ್ 1.4, ಎಫ್ 1.2ರ ವರೆಗೆ ಹೋಗಲೇಬೇಕೆ? ಪೂರ್ಣ ಅಳತೆಯ ಕ್ಯಾಮರಾದಲ್ಲಿ 85 ಮಿಲಿಮೀಟರಿನ ಮಸೂರವನ್ನು ಎಫ್ 1.4ಕ್ಕೆ ತೆರೆದು 5 ಅಡಿಯಿಂದ ತೆಗೆದರೆ, ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದು ಅಂಗುಲ ಮಾತ್ರ. ಮುಖ ಕೊಂಚ ಓರೆಯಾದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಕಣ್ಣು ಮಂಜು. ಅದನ್ನು ಸರಿಪಡಿಸಲು ಎಫ್ 2.8ಕ್ಕೆ ಕುಗ್ಗಿಸುವುದಾದರೆ ಅಷ್ಟು ಹಣ ತೆತ್ತು ಕೊಂಡ ದೊಡ್ಡ ಕಿಂಡಿ ಮುಚ್ಚಿಯೇ ಇರುತ್ತದೆ. ಭಾರವೂ ಕಡಿಮೆಯದಲ್ಲ. ಸೋನಿ ಸಂಸ್ಥೆಯ 85 ಮಿಲಿಮೀಟರಿನ ಎಫ್ 1.8 ಮಸೂರದ ತೂಕ 371 ಗ್ರಾಂ; ಅದೇ ಸಂಸ್ಥೆ 2016ರಲ್ಲಿ ತಂದ ಎಫ್ 1.4ರ ತೂಕ 820 ಗ್ರಾಂ. ಕ್ಯಾನನ್ನಿನ 2019ರ ಎಫ್ 1.2 ಮಸೂರ ಸುಮಾರು 1200 ಗ್ರಾಂ ತೂಗುತ್ತದೆ. ಬೆಳಗಿನ ಜಾವದಿಂದ ಆರತಕ್ಷತೆಯವರೆಗೆ ಮದುವೆಮನೆಯಲ್ಲಿ ನಿಲ್ಲುವವನ ಮಣಿಕಟ್ಟಿಗೆ ಈ ಅಂಕಿಗಳ ಅರ್ಥ ಚೆನ್ನಾಗಿ ಗೊತ್ತು. ರಾತ್ರಿಯ ಮಂದ ಬೆಳಕಿನಲ್ಲಿಯೇ ದುಡಿಯಬೇಕಾದವರಿಗೆ ಆ ದೊಡ್ಡ ಕಿಂಡಿ ಸಾರ್ಥಕವಾಗಬಹುದು; ಉಳಿದವರಿಗೆ ಎಫ್ 1.8 ಧಾರಾಳವಾಗಿ ಸಾಕು.

ಕನ್ನಡಿಯಿಲ್ಲದ ಕ್ಯಾಮರಾ ಭಾವಚಿತ್ರಕಾರನಿಗೆ ಮಾಡಿರುವ ಉಪಕಾರ ಎರಡು ಬಗೆಯದು. 2008ರಲ್ಲಿ ಪ್ಯಾನಸೋನಿಕ್ ಸಂಸ್ಥೆಯ ಜಿ1 ಕ್ಯಾಮರಾದಿಂದ ಮೊದಲಾಗಿ, 2013ರಲ್ಲಿ ಸೋನಿಯ ಪೂರ್ಣ ಅಳತೆಯ ಎ7, 2018ರಲ್ಲಿ ನಿಕಾನ್ ಹಾಗೂ ಕ್ಯಾನನ್ನಿನ ಕ್ಯಾಮರಾಗಳು ಬಂದ ಮೇಲೆ ಈ ಜಾತಿಯ ಪ್ರಚಾರ ಹೆಚ್ಚಿತು. ಹಿಂದಿನ ಕ್ಯಾಮರಾಗಳಲ್ಲಿ ಕನ್ನಡಿಯು ಬೆಳಕನ್ನು ಬೇರೊಂದು ಉಪಕರಣದ ಕಡೆಗೆ ತಿರುಗಿಸಿ ಗುರಿ ಹಿಡಿಸುತ್ತಿತ್ತು. ಆ ಉಪಕರಣಕ್ಕೂ ಮಸೂರಕ್ಕೂ ಕೂದಲೆಳೆಯಷ್ಟು ಹೊಂದಿಕೆ ತಪ್ಪಿದರೂ ಕಣ್ಣಿನ ಬದಲು ಕಿವಿ ಸ್ಪಷ್ಟವಾಗುತ್ತಿತ್ತು. ಈಗ ಚಿತ್ರ ಹಿಡಿಯುವ ಸೆನ್ಸರೇ ಗುರಿಯನ್ನೂ ಹಿಡಿಯುತ್ತದೆ; ಇತ್ತೀಚಿನ ಕ್ಯಾಮರಾಗಳು ಮುಖದಲ್ಲಿನ ಕಣ್ಣನ್ನು ತಾವೇ ಗುರುತಿಸಿ ಅದರ ಬೆನ್ನು ಹತ್ತುತ್ತವೆ. ಹೀಗಾಗಿ ಚಿತ್ರಗ್ರಾಹಕನು ಗುರಿಯ ಚಿಂತೆ ಬಿಟ್ಟು ಎದುರಿಗಿರುವವರೊಡನೆ ಮಾತನಾಡಬಹುದು.

ಎರಡನೆಯ ಉಪಕಾರ ಬಡವನ ಪಾಲಿನದು. ಕನ್ನಡಿಯ ಸ್ಥಳ ಉಳಿದುದರಿಂದ ಮಸೂರಕ್ಕೂ ಸೆನ್ಸರಿಗೂ ನಡುವೆ ಅಂತರ ತಗ್ಗಿದೆ. ನಿಕಾನಿನ ಹಳೆಯ ಕ್ಯಾಮರಾಗಳಲ್ಲಿ ಅದು ನಲವತ್ತಾರೂವರೆ ಮಿಲಿಮೀಟರ್ ಇದ್ದಿತು. ಹೊಸ ಝಡ್ ಕ್ಯಾಮರಾಗಳಲ್ಲಿ 16 ಮಿಲಿಮೀಟರ್. ಈ ತೆರಪಿನಲ್ಲಿ ಒಂದು ಲೋಹದ ಬಳೆಯನ್ನು ಸೇರಿಸಿದರೆ ಹಳೆಯ ಕಾಲದ ಮಸೂರಗಳನ್ನು ತೊಡಿಸಬಹುದು. ಗುರಿಯನ್ನು ಮಾತ್ರ ಕೈಯಿಂದಲೇ ಹಿಡಿಯಬೇಕು. ಸ್ಟೀವ್ ಮೆಕರಿ 1984ರಲ್ಲಿ ನಿರಾಶ್ರಿತರ ಶಿಬಿರದಲ್ಲಿ ತೆಗೆದು, 1985ರ ಜೂನಿನ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಮುಖಪುಟದಲ್ಲಿ ಬಂದ ಅಫಘನ್ ಬಾಲಿಕೆಯ ಚಿತ್ರವು ನಿಕಾನಿನ 105 ಮಿಲಿಮೀಟರಿನ ಎಫ್ 2.5 ಮಸೂರದ ಕೊಡುಗೆ. ಎಫ್ 1.4 ಇಲ್ಲದೆಯೂ ಆ ಕಣ್ಣುಗಳನ್ನು ಜಗತ್ತು ಮರೆತಿಲ್ಲ. ಬಳಸಿದ ಮಸೂರ ಕೊಳ್ಳುವಾಗ ಮಾತ್ರ ಒಂದು ಎಚ್ಚರ ಬೇಕು. ಮಲೆನಾಡು, ಕರಾವಳಿಗಳ ಮಳೆಗಾಲದ ತೇವಕ್ಕೆ ಗಾಜಿನೊಳಗೆ ಬೂಷ್ಟು ಹಿಡಿಯುವುದುಂಟು. ಮಸೂರದ ಒಂದು ತುದಿಯಿಂದ ಟಾರ್ಚು ಬಿಟ್ಟು ಇನ್ನೊಂದು ತುದಿಯಿಂದ ನೋಡಿದರೆ ಜೇಡರ ಬಲೆಯಂತಹ ಎಳೆಗಳು ಕಾಣುತ್ತವೆ. ಕಂಡರೆ ಅಂತಹದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.

ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆಗೆ ಕಾಸು ಖರ್ಚಿಲ್ಲ. ಬೇಕಾದುದು ಒಂದು ಅಳತೆಯ ಪಟ್ಟಿ. ಹೆಚ್ಚಾಗಿ ಎಲ್ಲಿ ಚಿತ್ರ ತೆಗೆಯಬೇಕಾಗಿದೆಯೋ ಆ ಕೋಣೆ, ಜಗಲಿ, ಕಲ್ಯಾಣಮಂಟಪದ ಮೂಲೆಗಳನ್ನು ಅಳೆದು ಬರೆದಿಡಬೇಕು. ಮನೆಯಲ್ಲಿರುವ ಜೂಮ್ ಮಸೂರವನ್ನು ಒಂದು ವಾರ 35 ಮಿಲಿಮೀಟರಿನಲ್ಲಿಯೂ ಮತ್ತೊಂದು ವಾರ 50ರಲ್ಲಿಯೂ ಅಲ್ಲಾಡಿಸದೆ ಇರಿಸಿ ತೆಗೆದು ನೋಡಬೇಕು. ಯಾವುದರಲ್ಲಿ ಕಾಲು ಸಹಜವಾಗಿ ಐದಾರು ಅಡಿಯ ಆಚೆಗೆ ನಿಲ್ಲುತ್ತದೆಯೋ ಅದೇ ಬೇಕಾದ ಮಸೂರ. ಕೋಣೆ ತೀರ ಚಿಕ್ಕದಾಗಿ 35 ಮಿಲಿಮೀಟರಿನದೇ ಗತಿಯಾದರೂ ಹತ್ತಿರ ಹೋಗಲಾಗದು. 5 ಅಡಿಯಲ್ಲಿಯೇ ನಿಂತು ತೆಗೆದು, ಸುತ್ತಲಿನ ಭಾಗವನ್ನು ಆಮೇಲೆ ಕತ್ತರಿಸಬೇಕು. ಅಂತರ ಬದಲಾಗದಿದ್ದರೆ ಮುಖದ ಆಕಾರವೂ ಬದಲಾಗುವುದಿಲ್ಲ. 24 ಮೆಗಾಪಿಕ್ಸೆಲ್ ಚಿತ್ರದ ಉದ್ದಗಲಗಳನ್ನು ಅರ್ಧಕ್ಕಿಳಿಸಿದರೂ 12 ಅಂಗುಲಕ್ಕೆ 8 ಅಂಗುಲದ ಪ್ರತಿಗೆ ಸಾಲುವಷ್ಟು ವಿವರ ಉಳಿದಿರುತ್ತದೆ.

ತರುಣನು ಕಡೆಗೆ ಇದನ್ನೇ ಮಾಡಬಹುದು. ಅಳತೆಯ ಪಟ್ಟಿ ಹಿಡಿದು ನಡುಮನೆಯನ್ನು ಅಳೆದರೆ, ಬಾಗಿಲಿನ ಹೊಸ್ತಿಲ ಮೇಲೆ ನಿಂತಾಗ ಅಜ್ಜಿಯ ಕುರ್ಚಿಗೆ ಸರಿಯಾಗಿ ಒಂಬತ್ತು ಅಡಿ ದೊರಕುತ್ತದೆ. ಚಿಕ್ಕ ಸೆನ್ಸರಿನ ಮೇಲೆ 50 ಮಿಲಿಮೀಟರಿನ ಮಸೂರಕ್ಕೆ ಬೇಕಾದುದೂ ಅಷ್ಟೇ ದೂರ. ಎಫ್ 1.8ರ ಹಗುರವಾದ ಮಸೂರ. ಕೂಡಿಟ್ಟ ಹಣದಲ್ಲಿ ಒಂದು ಪಾಲು ಗಂಟಿನಲ್ಲಿಯೇ ಉಳಿಯುತ್ತದೆ. ಬಾಗಿಲಿನಿಂದ ಬರುವ ಬೆಳಕು ಅಜ್ಜಿಯ ಕೆನ್ನೆಯ ಮೇಲೆ ಬೀಳುತ್ತದೆ. ಮಗು ಮೂಗುಬೊಟ್ಟಿಗೆ ಕೈ ಹಾಕುತ್ತದೆ. ಅಜ್ಜಿ ಅದರ ಕೈ ಹಿಡಿದು ಏನೋ ಹೇಳುತ್ತಾಳೆ. ಅಷ್ಟರಲ್ಲಿ ಕ್ಯಾಮರಾ ಸದ್ದಿಲ್ಲದೆ ತನ್ನ ಕೆಲಸ ಮುಗಿಸಿರುತ್ತದೆ.

ಚಿತ್ರವನ್ನು ಕೈಗೆ ಕೊಟ್ಟಾಗ ಅಜ್ಜಿ ಕನ್ನಡಕ ಏರಿಸಿಕೊಂಡು ನೋಡುತ್ತಾಳೆ.

“ನಮ್ಮಮ್ಮನ ಹಾಗೇ ಕಾಣ್ತೀನಲ್ಲೋ ಮಗಾ. ಇಷ್ಟು ದಿನ ಯಾರೂ ಹೇಳಿರಲಿಲ್ಲ.”

ಗೋಡೆಯ ಮೇಲೆ ಮುತ್ತಜ್ಜಿಯ ಪಕ್ಕದಲ್ಲಿ ಒಂದು ಮೊಳೆಗೆ ಜಾಗವಿದೆ. ಅಲ್ಲಿಗೆ ಯೋಗ್ಯವಾದ ಚಿತ್ರಕ್ಕೆ ಬೇಕಾದುದು ಅಂಗಡಿಯಲ್ಲಿನ ಅತ್ಯಂತ ದೊಡ್ಡ ಮಸೂರವಲ್ಲ. ಆ ಮನೆಯಲ್ಲಿ, ಆ ಮುಖದಿಂದ, ತಕ್ಕಷ್ಟು ದೂರದಲ್ಲಿ ನಿಲ್ಲಲು ಬಿಡುವ ಮಸೂರ.